ಅರಗಿನ ಕರುಳು

ಲಕ್ನೋ
19 ನವೆಂಬರ್ 2023

ಇದ್ರೀಸ್ ಮಾಮನಿಗೆ,

ನಿಮ್ಮ ಮಹಡಿ ಮೇಲಿನ ಡಾಕ್ಟ್ರು ಧನುಶ್ರೀ ಮಾಡುವ ನಮಸ್ಕಾರ. ಫೋನು ಮಾಡೋಣವೆಂದರೆ ನಿಮಗೆ ಕೇಳಿಸುವುದಿಲ್ಲ, ನಲವತ್ತು ವರ್ಷ ಬೊಂಬೆ ತಿರುವಿದ ಲೇತಿನ ಸದ್ದು ಕಿವಿಯನ್ನು ತಿಂದುಹಾಕಿದೆ. ಜಾರಾಳ ಫೋನಿಗೆ ಬರೆದರೆ ನಿಮ್ಮ ಮಗಳು ನನ್ನ ಇಪ್ಪತ್ತು ಸಾಲನ್ನು ಎರಡಕ್ಕಿಳಿಸಿ ನಿಮಗೆ ಸನ್ನೆ ಮಾಡುತ್ತಾಳೆ. ಚನ್ನಪಟ್ಟಣದ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದು ನಿಮ್ಮ ಮನೆಯಲ್ಲಿ ಬಾಡಿಗೆಗಿದ್ದ ಒಂದು ವರ್ಷವೂ ನಾವು ಚೀಟಿ ಬರೆದುಕೊಂಡೇ ಮಾತಾಡಿದವರಲ್ಲವೇ? ಅದಕ್ಕೇ ಈ ಕಾಗದ.

ಜೀರ್ಣಾಂಗಗಳ ಡಾಕ್ಟರಾಗುವ ಮೂರು ವರ್ಷದ ಓದಿನಲ್ಲಿ ಒಂದೂಕಾಲು ವರ್ಷ ಕಳೆಯಿತು. ಮೊದಲು ಬಾಯಿಂದ ಹೊಟ್ಟೆಗೆ ಪೈಪು ಇಳಿಸಲು ಕಲಿಸಿದರು. ಬೆರಳು ದಪ್ಪದ ಕರಿ ಪೈಪು, ತುದಿಯಲ್ಲಿ ದೀಪ, ಕ್ಯಾಮೆರಾ. ಒಳಗಿನದೆಲ್ಲ ಎದುರಿನ ಪರದೆಯಲ್ಲಿ ಕಾಣುತ್ತದೆ. ಮೊದಲ ಸಲ ಆ ದೀಪ ಒಬ್ಬರ ಹೊಟ್ಟೆಯೊಳಗೆ ಹೋದಾಗ ನಾನು ನಿಂತಿದ್ದ ಕೋಣೆಯೇ ಮರೆತುಹೋಯಿತು. ಗುಲಾಬಿ ಬಣ್ಣದ ಗುಡ್ಡಸಾಲು, ಅದರ ಮೇಲೆಲ್ಲ ಆಗತಾನೇ ಇಬ್ಬನಿ ಬಿದ್ದಂಥ ಹೊಳಪು. ಪಕ್ಕದಲ್ಲೆಲ್ಲೋ ಹೃದಯ ಬಡಿಯುತ್ತಿದ್ದುದಕ್ಕೆ ಆ ಗುಡ್ಡಗಳು ಮೆಲ್ಲಗೆ ಅದುರುತ್ತಿದ್ದವು. ಎಪ್ಪತ್ತು ವರ್ಷ ಅದನ್ನು ಹೊತ್ತು ತಿರುಗಿದ ಮನುಷ್ಯ ಒಮ್ಮೆಯೂ ಅದನ್ನು ಕಂಡಿರಲಿಲ್ಲ.

ಈಗ ಕೆಳಗಿನಿಂದ ದೊಡ್ಡ ಕರುಳಿಗೆ ಹೋಗುವುದನ್ನು ಕಲಿಯುತ್ತಿದ್ದೇನೆ. ನಮ್ಮೂರು ಕಲ್ಯದಿಂದ ಅಮ್ಮ ಫೋನಿನಲ್ಲಿ, "ಇಷ್ಟ್ ವರ್ಸ ಓದಿ ಕೊನೇಗೆ ಅದ್ನ ನೋಡಕ್ಕಾ ಓಗಿದ್ದು?" ಅಂದಳು. ನಗು ಬಂತು. ಆದರೆ ನನ್ನಿಂದ ಅದೇ ಆಗುತ್ತಿಲ್ಲ ಮಾಮ. ಮೊದಲ ತಿರುವಿನಲ್ಲೇ ಪೈಪು ಸುರುಳಿ ಸುತ್ತಿಕೊಳ್ಳುತ್ತದೆ. ನಾನು ತಳ್ಳಿದಷ್ಟೂ ರೋಗಿಗೆ ನೋವು, ದೀಪ ಮಾತ್ರ ನಿಂತಲ್ಲೇ ನಿಂತಿರುತ್ತದೆ. ನಮಗೆ ಕಲಿಸುವ ಮೇಡಂ ನನ್ನ ಮಣಿಕಟ್ಟು ಹಿಡಿದು, ನಿನ್ನ ಕೈ ಬರೀ ಮಾತಾಡುತ್ತದೆ, ಏನನ್ನೂ ಕೇಳಿಸಿಕೊಳ್ಳುವುದಿಲ್ಲ ಎಂದರು. ಆಗ ನೆನಪಾದವರು ನೀವು. ಉಳಿ ಮರಕ್ಕೆ ತಾಗಿದಾಗ ನಿಮ್ಮ ಕೈ ಏನು ಮಾಡುತ್ತದೆ?

ಧನು


ಚನ್ನಪಟ್ಟಣ
6 ಡಿಸೆಂಬರ್ 2023

ಧನು ಡಾಕ್ಟ್ರಿಗೆ ಇದ್ರೀಸನ ಸಲಾಂ.

ಕಾಗದವನ್ನು ಮೂರು ಸಲ ಓದಿದೆ. ಲಕ್ನೋದಲ್ಲಿ ಒಳ್ಳೆಯ ಉರ್ದು ಆಡುತ್ತಾರಂತೆ. ನಮ್ಮ ಚನ್ನಪಟ್ಟಣದ ಉರ್ದುವಿನಲ್ಲಿ ಬಾಯಿ ಬಿಡಬೇಡಿ, ಆಸ್ಪತ್ರೆಗೇ ಸೇರಿಸಿಕೊಂಡಾರು.

ಕೈ ಏನು ಮಾಡುತ್ತದೆಂದು ಕೇಳಿದ್ದೀರಿ. ಎರಡು ದಿನ ನನ್ನ ಕೈಯನ್ನೇ ನೋಡಿಕೊಂಡು ಕೂತೆ, ಕೆಲಸ ಕೆಟ್ಟಿತು. ಒಂದು ಗೊತ್ತು. ಕಿವಿ ಚೆನ್ನಾಗಿದ್ದಾಗ ಉಳಿಯ ಸದ್ದು ಕೇಳಿ ಮರ ಎಲ್ಲಿ ಗಟ್ಟಿ, ಎಲ್ಲಿ ಮೆದು ಎಂದು ತಿಳಿಯುತ್ತಿದ್ದೆ. ಕಿವಿ ಹೋದ ಮೇಲೆ ಅದೇ ಸದ್ದು ಮಣಿಕಟ್ಟಿನಲ್ಲಿ ಬರತೊಡಗಿತು. ಒತ್ತಿ ಹಿಡಿದರೆ ಬರುವುದಿಲ್ಲ, ಸಡಿಲ ಹಿಡಿದರೆ ಬರುತ್ತದೆ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ತಿಳಿಯದು.

ಮಾಡಿ ಕಳಿಸಬಹುದು. ಆ ಕರುಳಿನ ಚಿತ್ರ ಬರೆದು ಕಳಿಸಿ, ಉದ್ದ, ಅಗಲ, ತಿರುವು ಎಲ್ಲ ಇರಲಿ. ಬೊಂಬೆಗೆ ಬಳಸುವ ಆಲೆ ಮರದಲ್ಲಿ ಮಾಡಿ ಒಳಗೆ ಅರಗು ಬಳಿದು ಕೊಡುತ್ತೇನೆ. ಅದರೊಳಗೆ ಎಷ್ಟು ಬೇಕಾದರೂ ಓಡಾಡಿ, ಯಾರಿಗೂ ನೋವಿಲ್ಲ. ತೊಂದರೆ ಒಂದೇ, ಲೇತಿನಲ್ಲಿ ನೆಟ್ಟಗಿನದು ಬರುತ್ತದೆಯೇ ಹೊರತು ಸೊಟ್ಟಗಿನದು ಬರುವುದಿಲ್ಲ. ಯೋಚಿಸುತ್ತೇನೆ.

"ಅಬ್ಬಾಗೆ ಬೊಂಬೆ ಸಾಕಾಗಿ ಈಗ ಕರ್ಳು ಮಾಡಕ್ ಒಂಟವ್ರೆ" ಎಂದು ಜಾರಾ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ.

ಇದ್ರೀಸ್


ಲಕ್ನೋ
11 ಜನವರಿ 2024

ಮಾಮ,

ಚಿತ್ರ, ಅಳತೆ ಇದರ ಜೊತೆಗಿದೆ. ಇಲ್ಲಿ ಆರು ದಿನದಿಂದ ಮಂಜು. ಹಾಸ್ಟೆಲಿನಿಂದ ಆಸ್ಪತ್ರೆಗೆ ನಡೆಯುವಾಗ ನನ್ನ ಕೈಯೇ ನನಗೆ ಕಾಣುವುದಿಲ್ಲ. ಯಾರೋ ಕೆಮ್ಮಿದರೆ ಅಲ್ಲೊಬ್ಬರಿದ್ದಾರೆ ಎಂದುಕೊಳ್ಳುವುದು. ಒಳಗೆ ಹೋಗಿ ಪರದೆಯ ಮುಂದೆ ನಿಂತರೆ ಅಲ್ಲಿಯೇ ಬಿಸಿಲು ಎನಿಸುತ್ತದೆ.

ದೊಡ್ಡ ಕರುಳು ಉದ್ದದ ಸುರಂಗ. ಗೋಡೆಯ ತುಂಬ ಅರ್ಧಚಂದ್ರದಂಥ ಮಡಿಕೆ, ಒಂದರ ಹಿಂದೆ ಒಂದು. ಎಡಕ್ಕೆ ಮೇಲೇರಿ, ಅಡ್ಡ ಹಾದು, ಬಲಕ್ಕೆ ಇಳಿಯಬೇಕು. ಅಡ್ಡ ಹಾಯುವ ಕಡೆ ಸುರಂಗ ಮೂರು ಮೂಲೆಯದಾಗುತ್ತದೆ. ಬಲಗಡೆಯ ತಿರುವಿನಲ್ಲಿ ಗೋಡೆಯ ಆಚೆಯಿಂದ ನೀಲಿ ನೆರಳೊಂದು ಬೀಳುತ್ತದೆ. ಅದು ಪಿತ್ತಕೋಶವಿರುವ ಯಕೃತ್ತು. ಪಕ್ಕದ ಮನೆಯ ದೀಪ ಪರದೆಯ ಹಿಂದಿನಿಂದ ಕಂಡ ಹಾಗೆ. ನಾನಿನ್ನೂ ಅಲ್ಲಿಗೆ ಸ್ವಂತ ಕೈಯಿಂದ ತಲುಪಿಲ್ಲ. ಮೇಡಂ ಕರೆದೊಯ್ದಾಗ ನೋಡಿದ್ದು.

ಒಂದು ವಿಚಿತ್ರ ಹೇಳುತ್ತಾರೆ. ದಾರಿ ಸಿಕ್ಕದಾಗ ತಳ್ಳಬಾರದಂತೆ, ಹಿಂದಕ್ಕೆ ಎಳೆಯಬೇಕಂತೆ. ಒಳಗೆ ಸುತ್ತಿಕೊಂಡ ಪೈಪು ನೆಟ್ಟಗಾಗಿ ದೀಪ ತಾನಾಗಿ ಮುಂದೆ ಹೋಗುತ್ತದೆ. ನನಗೆ ನಂಬಲಾಗುತ್ತಿಲ್ಲ.

ಧನು


ಚನ್ನಪಟ್ಟಣ
20 ಮಾರ್ಚ್ 2024

ಧನು ಡಾಕ್ಟ್ರೇ,

ಪಾರ್ಸೆಲ್ಲಿನಲ್ಲಿ ಕರುಳು ಬರುತ್ತಿದೆ. ಸೊಟ್ಟಗಿನದನ್ನು ಹೇಗೆ ಮಾಡಿದೆ ಎಂದರೆ, ಸೊಟ್ಟ ಮಾಡಲೇ ಇಲ್ಲ. ಲೇತಿನಲ್ಲಿ ಐವತ್ತೆರಡು ಮರದ ಬಳೆ ತಿರುವಿದೆ, ಒಂದೊಂದರ ಒಳಗೂ ನೀವು ಹೇಳಿದ ಮಡಿಕೆ ಬಿಟ್ಟೆ, ಮಕ್ಕಳಾಟದ ಹಾವಿನ ಹಾಗೆ ದಾರದಲ್ಲಿ ಪೋಣಿಸಿದೆ. ಒಂದು ದಾರ ಹಾಕಿದರೆ ಬಳೆಗಳು ಗರಗರ ತಿರುಗಿದವು. ಎರಡು ಹಾಕಿದೆ, ಮಡಿಸಿದ ಕಡೆ ಬಾಯಿ ಬಿಟ್ಟವು. ಮೂರು ದಾರ ಹಾಕಿದ ಮೇಲೆ ಸುಮ್ಮನೆ ಕೂತವು. ಒಂದು ದಾರ ಬಿಗಿದರೆ ಎಡಕ್ಕೆ ಬಾಗುತ್ತದೆ, ಇನ್ನೊಂದು ಬಿಗಿದರೆ ಮೇಲಕ್ಕೆ.

ಬಣ್ಣ ಒಸಿ ಕೆಂಪು ಜಾಸ್ತಿಯಾಗಿದೆ, ಮನ್ನಿಸಿ. ಬಲಗಡೆಯ ತಿರುವಿನ ಎರಡು ಬಳೆಗೆ ನೀಲಿ ಅರಗು ಹಿಡಿದಿದ್ದೇನೆ. ಅಲ್ಲಿಗೆ ತಲುಪಿದಾಗ ನಿಮಗೆ ತಿಳಿಯಲಿ ಎಂದು.

ಬಲಭುಜ ಹಿಡಿದುಕೊಂಡಿದೆ. ಜಾರಾ ಮೆಡಿಕಲ್ ಸ್ಟೋರಿನಿಂದ ನೋವಿನ ಮಾತ್ರೆ ತಂದುಕೊಟ್ಟಳು. ಬೆಳಗ್ಗೆ ಟೀ ಜೊತೆ ಎರಡು ನುಂಗಿ ಲೇತಿಗೆ ಕೂತರೆ ಮಧ್ಯಾಹ್ನದವರೆಗೆ ಭುಜ ಇರುವುದೇ ಗೊತ್ತಾಗುವುದಿಲ್ಲ. ಒಳ್ಳೆಯ ಮಾತ್ರೆ.

ಇದ್ರೀಸ್


ಲಕ್ನೋ
28 ಏಪ್ರಿಲ್ 2024

ಮಾಮ, ಮಾಮ,

ತಲುಪಿದೆ! ಮೊದಲು ನಿಮ್ಮ ಮರದ ಕರುಳಿನಲ್ಲಿ ನೀಲಿ ಬಳೆಗಳ ತನಕ, ಮೊನ್ನೆ ಗುರುವಾರ ನಿಜವಾದ ಮನುಷ್ಯನಲ್ಲಿ, ಕೊನೆಯವರೆಗೆ. ತಿರುವಿನಲ್ಲಿ ಸಿಕ್ಕಿಕೊಂಡಾಗ ಕೈ ಸಡಿಲ ಬಿಟ್ಟು ಹಿಂದಕ್ಕೆಳೆದೆ. ಎದುರಿನ ಸುರಂಗ ಬಾಗಿಲು ತೆರೆದಂತೆ ತೆರೆದುಕೊಂಡಿತು. ನಾನು ನಡೆದು ಹೋದಂತಿರಲಿಲ್ಲ, ಯಾರೋ ಒಳಕ್ಕೆ ಕರೆದುಕೊಂಡಂತಿತ್ತು.

ಇನ್ನೊಂದು ಮಾತು. ದೊಡ್ಡ ಕರುಳಿನ ಹೊರಗೆ ಉದ್ದಕ್ಕೂ ಮೂರು ಪಟ್ಟಿಗಳಿವೆ. ಅವೇ ಅದನ್ನು ಹಿಡಿದು ಬಾಗಿಸುವುದು. ಅದನ್ನು ನಾನು ಚಿತ್ರದಲ್ಲಿ ಬರೆದಿರಲಿಲ್ಲ. ಮೇಡಂಗೆ ನಿಮ್ಮ ಮೂರು ದಾರ ತೋರಿಸಿದಾಗ ಅವರು ಒಂದೊಂದನ್ನೇ ಎಳೆದು ಬಾಗಿಸಿ ನೋಡಿದರು.

ಜೂನಿಯರುಗಳು ಈಗ ನಿಮ್ಮ ಕರುಳಿನ ಮುಂದೆ ಸರದಿ ನಿಲ್ಲುತ್ತಾರೆ. ಒಂದು ಹೊಟ್ಟೆಯನ್ನೂ ಮಾಡಿಕೊಡುತ್ತೀರಾ ಎಂದು ಮೇಡಂ ಕೇಳಿದರು. ಅಳತೆ ಬರೆದಿದ್ದೇನೆ. ಅವಸರವೇನಿಲ್ಲ, ಭುಜಕ್ಕೂ ರೆಸ್ಟು ಕೊಡಿ.

ಧನು


ಚನ್ನಪಟ್ಟಣ
17 ಆಗಸ್ಟ್ 2024

ಧನು ಡಾಕ್ಟ್ರೇ,

ಹೊಟ್ಟೆ ಕಷ್ಟದ್ದು. ಸೋರೆ ಬುರುಡೆಯ ಆಕಾರ, ಒಳಗೆ ಪೂರ್ತಿ ಕೆತ್ತಬೇಕು. ಎರಡು ಸೀಳಿ ಹೋದವು, ಈಗ ಮೂರನೆಯದು. ಅರಗು ಬಳಿಯುವಾಗ ಒಂದು ಹೊಳೆಯಿತು. ಈ ಅರಗೂ ಅರಗು, ತಿಂದದ್ದು ಅರಗುವುದೂ ಅರಗು. ನನ್ನ ಕೆಲಸ, ನಿಮ್ಮ ಕೆಲಸ ಎರಡಕ್ಕೂ ಕನ್ನಡದಲ್ಲಿ ಒಂದೇ ಮಾತು ನೋಡಿ.

ನನಗೆ ಮಾತ್ರ ಈಚೆಗೆ ಅರಗುವುದಿಲ್ಲ. ಎರಡು ತುತ್ತಿಗೇ ಸಾಕೆನಿಸುತ್ತದೆ. ಮಹಡಿ ಮೆಟ್ಟಿಲು ಹತ್ತಿದರೆ ನಡುವೆ ಕೂರುತ್ತೇನೆ. ಕೂತಲ್ಲೇ ಹಗಲುಗನಸು, ಲೇತು ತಿರುಗುತ್ತಿರುತ್ತದೆ, ನಾನೆಲ್ಲೋ ಇರುತ್ತೇನೆ. ಜಾರಾ ಕನ್ನಡಿ ತಂದು ಹಿಡಿದು, ನಾನು ತುಟಿ ಓದಲಿ ಎಂದು ಬಾಯಿ ಅಗಲ ಮಾಡಿ, "ಮಕ ಸುಣ್ಣ ಬಳ್ದಂಗ್ ಆಗ್ಬುಟೈತೆ ಅಬ್ಬಾ" ಎಂದಳು. ಅರವತ್ತೇಳಾಯಿತು, ಇನ್ನು ಹೇಗಿರಬೇಕು?

ಇದ್ರೀಸ್


ಲಕ್ನೋ
3 ಅಕ್ಟೋಬರ್ 2024

ಮಾಮ,

ಹೊಟ್ಟೆ ಮಾಡುವುದು ಬೇಡ. ಇಲ್ಲಿ ಅದರ ಅಗತ್ಯವಿಲ್ಲ. ಕೆಲಸ ಹೆಚ್ಚಿದೆ, ಕಾಗದ ತಡವಾಗಬಹುದು.

ಧನುಶ್ರೀ


ಚನ್ನಪಟ್ಟಣ
25 ಅಕ್ಟೋಬರ್ 2024

ಡಾಕ್ಟ್ರೇ,

ನಿಮ್ಮ ಮೂರು ಸಾಲು ತಲುಪಿತು. ಕೆಂಪು ಹೆಚ್ಚಾಯಿತೆಂದು ನನಗೆ ಆಗಲೇ ಅನುಮಾನವಿತ್ತು. ದೊಡ್ಡ ಆಸ್ಪತ್ರೆಯವರು ಬೊಂಬೆ ಎಂದು ನಕ್ಕಿರಬೇಕು, ನಿಮಗೆ ಮುಜುಗರವಾಗಿರಬೇಕು. ಬೊಂಬೆ ಮಾಡುವವನ ಕೈಯಲ್ಲಿ ಬೊಂಬೆಯೇ ಬರುವುದು. ಬೇಸರವಿಲ್ಲ.

ಆದರೂ ಮೂರನೆಯ ಹೊಟ್ಟೆ ಸೀಳಿಲ್ಲ. ಅರ್ಧಕ್ಕೆ ಬಿಡಲು ಮನಸ್ಸು ಬಾರದು. ಮುಗಿಸಿ ಇಟ್ಟುಕೊಂಡಿರುತ್ತೇನೆ. ಮಾತ್ರೆ ಮೂರಕ್ಕೇರಿಸಿದ್ದೇನೆ, ಭುಜ ಕೇಳುತ್ತಿಲ್ಲ.

ಇದ್ರೀಸ್


ಚನ್ನಪಟ್ಟಣ
4 ಮೇ 2025

ಧನು ಡಾಕ್ಟ್ರಿಗೆ ಸಲಾಂ.

ಏಳು ತಿಂಗಳಿಂದ ನಿಮ್ಮ ಕಾಗದವಿಲ್ಲ. ಇದನ್ನು ಬರೆಯಬಾರದು ಎಂದುಕೊಂಡಿದ್ದೆ. "ನೀ ಬರೀದಿದ್ರೆ ನಾನೇ ಫೋನ್ ಆಕ್ತೀನಿ" ಎಂದು ಜಾರಾ ಹೆದರಿಸಿದ್ದಾಳೆ.

ಏಪ್ರಿಲ್ ಹನ್ನೆರಡು, ಶನಿವಾರ, ಬೆಳಗ್ಗೆ ಹತ್ತು ಗಂಟೆ. ಲೇತಿನ ಮುಂದೆ ಕೂತಿದ್ದೆ. ಬಾಯಿಗೆ ರಕ್ತ ಬಂತು. ಕೆಂಪು ಅರಗು ಎಲ್ಲಿಂದ ಚೆಲ್ಲಿತು ಎಂದು ನೋಡುತ್ತಿದ್ದೆನಂತೆ. ಅದಕ್ಕೂ ಮೂರು ವಾರ ಮುಂಚಿನಿಂದ ಹೊರಗೆ ಹೋದರೆ ಡಾಂಬರಿನಂತೆ ಕಪ್ಪಗೆ ಹೋಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ನಿಮಗೂ.

ರಾಮನಗರದ ಆಸ್ಪತ್ರೆಗೆ ಕರೆದೊಯ್ದರು. ನಾಲ್ಕು ಬಾಟಲಿ ರಕ್ತ ಕೊಟ್ಟು ಪೈಪು ಹಾಕಿದರು. ಮಾತ್ರೆಯಿಂದ ಹೊಟ್ಟೆಯಲ್ಲಿ ಹುಣ್ಣಾಗಿತ್ತಂತೆ, ಅದರಲ್ಲಿ ನರ ಒಡೆದಿತ್ತಂತೆ. ಸಣ್ಣದೊಂದು ಕ್ಲಿಪ್ಪು ಹಾಕಿ ನಿಲ್ಲಿಸಿದರು.

ನೀವು ಪೈಪಿನ ಈ ಕಡೆಯಿಂದ ಬರೆದಿರಿ, ನಾನು ಆ ಕಡೆಯದನ್ನು ಹೇಳುತ್ತೇನೆ. ಎಳೆಯ ಡಾಕ್ಟರು, ನಿಮ್ಮಷ್ಟೇ ವಯಸ್ಸು. "ನುಂಗಿ" ಎನ್ನುತ್ತಿದ್ದಿರಬೇಕು, ಬಾಯಾಡುತ್ತಿತ್ತು, ನನಗೆ ಕೇಳಿಸದು. ಆಗ ಅವರು ನನ್ನ ಗಂಟಲ ಮೇಲೆ ಒಂದು ಬೆರಳಿಟ್ಟು ಸುಮ್ಮನೆ ಕಾದರು. ಅವರ ಕೈ ಅವಸರ ಮಾಡಲಿಲ್ಲ. ನನಗೇ ನುಂಗಬೇಕು ಎನಿಸಿತು. ಸೂಜಿ ಕೊಟ್ಟ ಮೇಲೆ ಕನಸು ಬಂತು. ಒಂದು ಉದ್ದನೆಯ ಓಣಿ, ಗೋಡೆಗೆಲ್ಲ ಬೆಚ್ಚಗಿನ ಅರಗು, ಇನ್ನೂ ಒಣಗಿಲ್ಲ. ಯಾರೋ ದೀಪ ಹಿಡಿದು ಮುಂದೆ ಹೋಗುತ್ತಿದ್ದಾರೆ. ನಾನು ನೀವೇ ಎಂದುಕೊಂಡು ಹಿಂದೆ ನಡೆದೆ.

ಹುಣ್ಣು ಮಾಯಿತೋ ಇಲ್ಲವೋ ನೋಡಲು ಇನ್ನೊಮ್ಮೆ ಪೈಪು ಹಾಕಬೇಕಂತೆ.

ಇದ್ರೀಸ್


ಲಕ್ನೋ
13 ಮೇ 2025

ಮಾಮ,

ನಿಮ್ಮ ಕಾಗದಗಳನ್ನೆಲ್ಲ ತೆಗೆದು ಮತ್ತೆ ಓದಿದೆ. ಮಾರ್ಚಿನಲ್ಲಿ ಖಾಲಿ ಹೊಟ್ಟೆಗೆ ಎರಡು ಮಾತ್ರೆ. ಆಗಸ್ಟಿನಲ್ಲಿ ಎರಡು ತುತ್ತಿಗೇ ಸಾಕು, ಮೆಟ್ಟಿಲು, ಸುಣ್ಣದಂಥ ಮುಖ. ಅಕ್ಟೋಬರಿನಲ್ಲಿ ಮೂರು ಮಾತ್ರೆ. ಒಬ್ಬ ಮನುಷ್ಯ ಒಳಗೊಳಗೇ ರಕ್ತ ಕಳೆದುಕೊಳ್ಳುತ್ತಿರುವುದನ್ನು ಏಳು ತಿಂಗಳು ನನಗೆ ಬರೆದು ಕಳಿಸಿದ. ನಾನು ಅದನ್ನೇ ಓದುತ್ತಿರುವವಳು, ಓದಿ ಮಡಿಸಿಟ್ಟೆ. ನನಗಾಗಿ ಹೊಟ್ಟೆ ಕೆತ್ತುತ್ತ ನಿಮ್ಮ ಹೊಟ್ಟೆಯನ್ನು ಕಳೆದುಕೊಳ್ಳುತ್ತಿದ್ದಿರಿ.

ನಾನು ಮುಚ್ಚಿಟ್ಟದ್ದನ್ನೂ ಹೇಳುತ್ತೇನೆ. ನಿಮ್ಮ ಬಳೆಗಳನ್ನು ನೋಡಿ ಇಲ್ಲಿ ಯಾರೂ ನಗಲಿಲ್ಲ. ಸೆಪ್ಟೆಂಬರಿನಲ್ಲಿ ಒಬ್ಬ ಬಸ್ ಡ್ರೈವರಿಗೆ ಕರುಳಿನ ಪರೀಕ್ಷೆ ಮಾಡುತ್ತಿದ್ದೆ. ಆಗ ನನಗೆ ಕೈ ಕೂತಿತ್ತು, ಜಂಬವೂ ಬಂದಿತ್ತು. ನೋವಾಗುತ್ತಿದೆ ಎಂದ. ಇನ್ನೊಂದೇ ತಿರುವು ಎಂದುಕೊಂಡು ತಳ್ಳಿದೆ. ಪರದೆಯಲ್ಲಿ ಗುಲಾಬಿ ಗೋಡೆ ಇರಬೇಕಾದ ಕಡೆ ಹಳದಿ ಕೊಬ್ಬು ಕಂಡಿತು. ಕರುಳು ತೂತಾಗಿತ್ತು ಮಾಮ, ನಾನು ಅವನ ಹೊರಗೆ ನಿಂತಿದ್ದೆ. ಆಪರೇಷನ್ ಆಗಿ ಬದುಕಿದ. ಎರಡು ತಿಂಗಳು ಹಾಸಿಗೆ ಹಿಡಿದ. ನೋಡಲು ಹೋದಾಗ ಅವನು ಬೈಯಲಿಲ್ಲ, ಮುಖ ಗೋಡೆಗೆ ತಿರುಗಿಸಿಕೊಂಡ.

ಅಂದಿನಿಂದ ಪೈಪು ಮುಟ್ಟಿಲ್ಲ. ವಾರ್ಡಿನ ಕೆಲಸ ಕೇಳಿ ಪಡೆದಿದ್ದೇನೆ. ಜೂನ್ ಕೊನೆಗೆ ಓದು ಮುಗಿಯುತ್ತದೆ. ಪೈಪು ಹಿಡಿಯದವಳಿಗೆ ಸಹಿ ಹಾಕಲಾರೆ ಎಂದು ಮೇಡಂ ಹೇಳಿದ್ದಾರೆ. ಹಾಕದಿದ್ದರೆ ಹಾಕದಿರಲಿ.

ನೀವು ಮಾತ್ರ ಮರುಪರೀಕ್ಷೆ ತಪ್ಪಿಸಬೇಡಿ. ಮಾಯದ ಹುಣ್ಣು ಕೆಲವು ಸಲ ಹುಣ್ಣಾಗಿರುವುದಿಲ್ಲ, ಕ್ಯಾನ್ಸರ್ ಆಗಿರುತ್ತದೆ. ಆ ಎಳೆಯ ಡಾಕ್ಟರ ಹತ್ತಿರವೇ ಹೋಗಿ.

ಧನು


ಚನ್ನಪಟ್ಟಣ
24 ಮೇ 2025

ಧನು ಡಾಕ್ಟ್ರೇ,

ಮಾತ್ರೆ ನುಂಗಿದವನು ನಾನು, ಕಪ್ಪಗೆ ಹೋದದ್ದನ್ನು ಮುಚ್ಚಿಟ್ಟವನೂ ನಾನು. ಅದರಲ್ಲಿ ನಿಮ್ಮ ಪಾಲು ಸ್ವಲ್ಪವಿದೆ, ಇಲ್ಲವೆನ್ನುವುದಿಲ್ಲ. ಎಲ್ಲವನ್ನೂ ನೀವೇ ಎಳೆದುಕೊಳ್ಳಬೇಡಿ.

ನನ್ನ ತಮ್ಮ ಆಫ್ತಾಬ್ ನಿಮಗೆ ಗೊತ್ತು, ಬಲಗಣ್ಣು ಇಲ್ಲದವನು. ಹುಟ್ಟಿನಿಂದಲೇ ಎಂದು ನಿಮಗೆ ಚೀಟಿಯಲ್ಲಿ ಬರೆದಿದ್ದೆ. ಅದು ಸುಳ್ಳು. ನನಗೆ ಇಪ್ಪತ್ತಾರು ವರ್ಷ. ಮರದಲ್ಲಿ ಗಂಟು ಇರುವುದು ಕೈಗೆ ತಿಳಿದಿತ್ತು, ಆದರೂ ಉಳಿ ಒತ್ತಿದೆ. ಚಕ್ಕೆ ಹಾರಿ ಪಕ್ಕದ ಲೇತಿನಲ್ಲಿದ್ದವನ ಕಣ್ಣಿಗೆ ಹೊಡೆಯಿತು. ನಾನು ನಲವತ್ತು ದಿನ ಕಾರ್ಖಾನೆಯ ಕಡೆ ತಲೆ ಹಾಕಲಿಲ್ಲ. ಕೊನೆಗೆ ಅವನೇ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಂದು, "ಬತ್ತೀಯೋ ಇಲ್ವೋ ಒಂದ್ ಏಳ್ಬುಡು. ಲೇತಿಗೆ ಬೆಲ್ಟ್ ಆಕಕ್ಕೆ ಇಬ್ರು ಬೇಕು, ನಂಗ್ ಒಬ್ನಿಗೆ ಆಗಕಿಲ್ಲ" ಎಂದ. ಕ್ಷಮಿಸಿದೆ ಎಂದು ಅವನು ಇವತ್ತಿಗೂ ಹೇಳಿಲ್ಲ. ನಾನು ಹೋಗಿ ಬೆಲ್ಟು ಹಾಕಿದೆ.

ಮರುಪರೀಕ್ಷೆಗೆ ನಾನು ಹೋಗುವುದಿಲ್ಲ. ಜುಲೈವರೆಗೆ ಕಾಯುತ್ತೇನೆ. ನೀವು ಬಂದು ಹಾಕಿದರೆ ಬಾಯಿ ತೆರೆಯುತ್ತೇನೆ, ಇಲ್ಲದಿದ್ದರೆ ಇಲ್ಲ. ಇದು ಹಟ ಎಂದು ಜಾರಾ ಕೂಗಾಡುತ್ತಿದ್ದಾಳೆ. ಹಟವೇ.

ಇದ್ರೀಸ್


ಲಕ್ನೋ
9 ಜೂನ್ 2025

ಮಾಮ,

ನೀವು ಮಾಡುತ್ತಿರುವುದು ತಪ್ಪು. ನಿಮ್ಮ ಮೇಲೆ ಬಹಳ ಸಿಟ್ಟು ಬಂದಿದೆ.

ಇವತ್ತು ಬೆಳಗ್ಗೆ ಮೇಡಂ ಕೋಣೆಗೆ ಹೋಗಿ, ಪಕ್ಕದಲ್ಲಿ ನಿಲ್ಲುತ್ತೀರಾ ಎಂದು ಕೇಳಿದೆ. ನಿಂತರು. ಅರ್ಧ ದಾರಿಯಲ್ಲಿ ನನ್ನ ಕೈ ಪೈಪನ್ನು ಒತ್ತಿ ಹಿಡಿಯಿತು. ಅವರು ಪೈಪು ಕಸಿದುಕೊಳ್ಳಲಿಲ್ಲ. ಹಿಡಿತ ಸಡಿಲವಾಗುವವರೆಗೆ ಇಬ್ಬರೂ ಪರದೆ ನೋಡುತ್ತ ನಿಂತೆವು.

ಧನು


ರಾಮನಗರ
11 ಜುಲೈ 2025

ಇದ್ರೀಸ್ ಮಾಮ,

ಮೇಡಂ ಸಹಿ ಹಾಕಿ ನಾನು ಈ ಆಸ್ಪತ್ರೆಗೆ ಕೆಲಸಕ್ಕೆ ಬಂದ ಮೇಲೆ ನೀವಿರುವುದು ಇಲ್ಲಿಂದ ಅರ್ಧ ಗಂಟೆಯ ದಾರಿ, ನಾನೇ ಬಂದು ಹೇಳಬಹುದು. ಆದರೆ ಇದನ್ನು ಬರೆದೇ ತಿಳಿಸಬೇಕೆನಿಸಿತು. ಸೋಮವಾರ ನಿಮಗೆ ಮಂಪರು ಇತ್ತು, ಏನೂ ಗೊತ್ತಿಲ್ಲ.

ಸೂಜಿ ಕೊಡುವ ಮುಂಚೆ ನೀವು ನನ್ನ ಮುಖ ನೋಡಿ ನಕ್ಕಿರಿ. ನಾನು ನಗಲಿಲ್ಲ. ಗಂಟಲ ಮೇಲೆ ಬೆರಳಿಟ್ಟು ಕಾದೆ. ನೀವು ನುಂಗಿದಿರಿ, ದೀಪ ಇಳಿಯಿತು.

ನೂರಾರು ಹೊಟ್ಟೆ ನೋಡಿದ್ದೇನೆ, ಗುರುತಿನವರ ಹೊಟ್ಟೆ ಅದೇ ಮೊದಲು. ಮಡಿಕೆಗಳು ಅಲೆಯಂತೆ ಒಂದನ್ನೊಂದು ಹಿಂಬಾಲಿಸುತ್ತಿದ್ದವು. ಎಲ್ಲವೂ ನಿಧಾನ, ನೀರಿನಡಿ ನಡೆದ ಹಾಗೆ. ನನ್ನ ಕಿವಿಯಲ್ಲಿ ನನ್ನದೇ ಉಸಿರು. ಹುಣ್ಣಿದ್ದ ಜಾಗ ಹುಡುಕಿದೆ, ಸಿಗಲಿಲ್ಲ. ಇನ್ನೊಮ್ಮೆ ತಿರುಗಿ ಬಂದೆ. ಆಗ ಕಂಡಿತು. ಬೆಳ್ಳಗಿನ ಸಣ್ಣ ಗಾಯದ ಗುರುತು, ಸುತ್ತಲ ಮಡಿಕೆಗಳೆಲ್ಲ ಅದರತ್ತ ನಡೆದು ಬಂದು ನಿಂತಿದ್ದವು. ಮೇಲೆ ಹೊಸ ಚರ್ಮ. ಮಾಯ್ದಿದೆ ಮಾಮ. ಅಂಚಿನಿಂದ ಆರು ಚೂರು ತೆಗೆದು ಪರೀಕ್ಷೆಗೆ ಕಳಿಸಿದೆ. ಇವತ್ತು ಮಧ್ಯಾಹ್ನ ವರದಿ ಬಂತು. ಕ್ಯಾನ್ಸರ್ ಇಲ್ಲ.

ಆ ಗುರುತು ಕಂಡ ಕ್ಷಣ ನಾನು ನಿಮ್ಮ ಹೆಸರು ಹಿಡಿದು ಕರೆದೆನಂತೆ, ನರ್ಸ್ ಹೇಳಿದರು. ಎಚ್ಚರವಾಗುವಾಗ ನೀವು ಜಾರಾಳ ಕೈ ಹಿಡಿದು, "ಯಾರೋ ಕರುದ್ರು ಕಣಮ್ಮಾ, ಸಂದಾಗ್ ಕೇಳಸ್ತು" ಎಂದಿರಿ. ಜಾರಾ ಹೊರಗೆ ಹೋಗಿ ಅತ್ತಳು. ಇದು ಹೇಗೆ ಎಂದು ಓದಿದವಳನ್ನು ಕೇಳಬೇಡಿ, ನನಗೆ ತಿಳಿಯದು.

ನೋವಿನ ಮಾತ್ರೆ ಇನ್ನು ಮುಟ್ಟಬಾರದು. ಭುಜಕ್ಕೆ ವ್ಯಾಯಾಮ ಬರೆದುಕೊಟ್ಟಿದ್ದೇನೆ, ಜಾರಾ ಮಾಡಿಸುತ್ತಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ನಿಮ್ಮನ್ನು ಕಳಿಸಿ ಕೈ ತೊಳೆದು ಬಂದಾಗ ಕುದೂರಿನಿಂದ ಬಂದ ದೊಡ್ಡಲಕ್ಷ್ಮಮ್ಮ ಎನ್ನುವವರು ಮಂಚದ ಮೇಲೆ ಆಗಲೇ ಮಲಗಿದ್ದರು. ಕರುಳಿನ ಪರೀಕ್ಷೆ. ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದಿದ್ದರು. "ನೋವಾಗದೇನವ್ವಾ?" ಎಂದರು.

"ಒಸಿ ಆಯ್ತದೆ ಅಜ್ಜಿ. ಆಗ್ತಿದ್ದಂಗೆ ಏಳ್ಬುಡಿ, ನಿಲ್ಲಿಸ್ಬುಡ್ತೀನಿ" ಎಂದೆ.

ಮೂರು ಸಲ ಹೇಳಿದರು. ಮೂರು ಸಲವೂ ನಿಲ್ಲಿಸಿದೆ.

ನಿಮ್ಮ
ಧನು